ಐಸಿಗೆ ಹೊದಿಸಿದ ಕಂಬಳಿ

ಯುಗಾದಿ ಕಳೆದು ಹದಿನೈದು ದಿನ. ನಮ್ಮೂರು ವಜ್ರಳ್ಳಿಯಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದಿತ್ತು, ಹಲಸು ಇನ್ನೂ ಬಲಿತಿರಲಿಲ್ಲ. ವರ್ಷದಲ್ಲಿ ಅಡುಗೆಮನೆಗೆ ಸ್ವಲ್ಪ ಉಸಿರು ಸಿಗುವುದು ಆಗ ಮಾತ್ರ. ಒಳಗಿನ ಕೋಣೆಯಲ್ಲಿ ಮುನ್ನೂರು ಲೀಟರಿನ ಪೆಟ್ಟಿಗೆ ಫ್ರೀಜರು ಐಸ್ ಕಟ್ಟಿ ಕೂತಿತ್ತು. ಹಿತ್ತಿಲ ಮಾಡಿನ ಅಡಿಯಲ್ಲಿ ಹಳೇ ಫ್ರಿಜ್ಜು ಸತ್ತು ನಾಲ್ಕು ವರ್ಷವಾಗಿತ್ತು. ಒಂದನ್ನು ತೊಳೆಯಬೇಕು, ಇನ್ನೊಂದನ್ನು ಸಾಗಹಾಕಬೇಕು ಎಂದು ಯಲ್ಲಾಪುರದಿಂದ ರಿಪೇರಿಯವನನ್ನು ಕರೆಸಿದ್ದೆ. ಅವನ ಮಾತು, ನನ್ನ ಮಾತು, ಜಗುಲಿಯಲ್ಲಿ ಕವಳ ಹಾಕುತ್ತ ಕೂತ ಮಾವನ ಮಾತು, ಇವಿಷ್ಟನ್ನೂ ಬರೆದಿಟ್ಟಿದ್ದೇನೆ. ಹೆಸರು ಬೇಡ. ಯಾರದು ಯಾವುದು ಎಂದು ದನಿಯಿಂದಲೇ ತಿಳಿಯುತ್ತದೆ.

— ಮುಚ್ಚಳ ತೆಗೀರಿ ಅಕ್ಕಾ, ನೋಡುವ. ಅಯ್ಯೋ, ಗೋಡೆಯೇ ಕಾಣ್ತಾ ಇಲ್ಲ! ಎರಡು ಬೆರಳು ದಪ್ಪ ಕಟ್ಟಿದೆ.

— ಮಳೆಗಾಲದಿಂದ ಕೈ ಹಚ್ಚಿಲ್ಲ. ಐಸ್ ಹೆಚ್ಚಿದ್ದಷ್ಟೂ ತಂಪು ಹೆಚ್ಚಲ್ಲವಾ ಅಂದ್ಕೊಂಡಿದ್ದೆ.

— ಹತ್ತು ಮನೆಗೆ ಹೋದ್ರೆ ಒಂಬತ್ತು ಮನೇಲಿ ಇದೇ ಮಾತು. ತಂಪು ಬರೋದು ಗೋಡೆಯ ಹಿಂದಿರೋ ಕೊಳವೆಯಿಂದ. ಅದರ ಮೇಲೆ ಈ ಹಿಂಜಿದ ಹತ್ತಿಯಂಥದ್ದು ಕೂತರೆ ತಂಪು ಒಳಗೆ ಬರೋದಕ್ಕೇ ಅಡ್ಡ. ಕಂಪ್ರೆಸರು ಪಾಪ, ನಿಲ್ಲದೆ ಓಡ್ತದೆ. ಬಿಲ್ಲು ನೀವು ಕಟ್ತೀರಿ. ಐದಾರು ಮಿಲಿಮೀಟರು ಕಟ್ಟಿತು ಅಂದಾಗಲೇ ತೆಗೀಬೇಕು. ಎರಡು ಬೆರಳು ಆಗೋತನಕ ಕಾಯಬಾರದು.

— ಇಷ್ಟು ನೀರು ಬಂದದ್ದಾದರೂ ಎಲ್ಲಿಂದ? ನಾನು ನೀರೇನೂ ಇಟ್ಟಿರಲಿಲ್ಲ.

— ಗಾಳಿಯಿಂದ. ನಿಮ್ಮ ಊರಿನ ಆಷಾಢದ ಗಾಳಿ ಅಂದ್ರೆ ಹಿಂಡಿದರೆ ನೀರು ಬರ್ತದೆ. ಒಂದು ಸಲ ಮುಚ್ಚಳ ತೆಗೆದರೆ ಆ ಗಾಳಿ ಒಳಗೆ ಹೋಯ್ತು, ಅದರ ಪಸೆಯೆಲ್ಲ ಗೋಡೆಗೆ ಅಂಟ್ತು. ಕಾಯಿತುರಿ ಬೇಕು ಅಂತ ತೆಗೆದು ಅಡಿಯಲ್ಲಿ ಹುಡುಕ್ತಾ ನಿಂತರೆ ಇನ್ನೂ ಕೆಟ್ಟದ್ದು. ಬಿಸಿ ಆರದ ಪಾತ್ರೆ ಇಟ್ಟರೆ ಅದರ ಹಬೆಯೂ ಅಲ್ಲೇ. ಈ ರಬ್ಬರು ನೋಡಿ, ಮುಚ್ಚಳದ ಸುತ್ತಿನದು, ಗ್ಯಾಸ್ಕೆಟ್ಟು. ಒಂದು ಮೂಲೆ ಎದ್ದಿದೆ. ಮುಚ್ಚಿದ್ದೇನೆ ಅಂತ ನೀವು ನಿಶ್ಚಿಂತೆಯಿಂದ ಮಲಗಿದ್ದರೂ ಗಾಳಿ ರಾತ್ರಿಯಿಡೀ ಒಳಗೆ ಹೋಗ್ತಾನೇ ಇತ್ತು.

— ಸರಿ, ಈಗ ಸ್ವಿಚ್ ಆರಿಸಲಾ?

— ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಇಡಿ. ಬರಿಗಾಲು, ಒದ್ದೆ ನೆಲ, ಒಳಗೆ ನೀರು, ಕೈಯಲ್ಲಿ ಅರಿವೆ. ಯಾರೋ ಬಂದು ಸ್ವಿಚ್ ಒತ್ತಿದರೆ? ಅದಕ್ಕೇ ವಯರು ಕಣ್ಣೆದುರು ನೆಲದ ಮೇಲೆ ಬಿದ್ದಿರಬೇಕು, ನೆನೆಯದ ಕಡೆ. ಮೊದಲು ಸಾಮಾನು ಹೊರಗೆ ತೆಗೆಯುವ. ಎಷ್ಟಿದೆ?

— ಹೆಚ್ಚಿಲ್ಲ. ಹೋದ ವರ್ಷದ ಹಲಸಿನ ಸೊಳೆ ಏಳೆಂಟು ಪೊಟ್ಟಣ, ಮಾವಿನ ರಸ, ಕಾಯಿತುರಿ, ಮುರುಗಲ ಹಣ್ಣಿನ ರಸ ಎರಡು ಬಾಟ್ಲಿ. ಅದಕ್ಕೇ ಈಗ ಕರೆದದ್ದು. ಮೇ ತಿಂಗಳಾದರೆ ತುಂಬಿ ತುಳುಕ್ತದೆ.

— ಒಳ್ಳೇ ಹೊತ್ತು. ಎಲ್ಲಾ ಒತ್ತಿ ಒತ್ತಿ ಒಂದೇ ರಾಶಿ ಮಾಡಿ, ಪೇಪರು ಸುತ್ತಿ, ಗೋಣಿಯೊಳಗೆ ಹಾಕಿ. ಥರ್ಮೋಕೋಲ್ ಪೆಟ್ಟಿಗೆ ಇದ್ದರೆ ಅದರೊಳಗೆ. ಮೇಲಿಂದ ಒಂದು ಕಂಬಳಿ ಹೊದಿಸಿ.

— ಐಸಿಗೆ ಕಂಬಳಿಯಾ? ಬೆಚ್ಚಗಾಗಿ ಕರಗೋದಿಲ್ಲವಾ?

ಜಗುಲಿಯಿಂದ ನಗು ಕೇಳಿತು. ಮಾವ ಕವಳ ಉಗುಳಿ ಬಂದು ಬಾಗಿಲಲ್ಲಿ ನಿಂತರು.

— ಕಂಬಳಿ ಯಾವತ್ತೂ ಬೆಚ್ಚಗೆ ಮಾಡೋದಿಲ್ಲ ಮಾರಾಯ್ತಿ. ಬೆಚ್ಚಗಿರೋದು ನಿನ್ನ ಮೈ. ಕಂಬಳಿ ಅದನ್ನ ಹೊರಗೆ ಬಿಡೋದಿಲ್ಲ, ಅಷ್ಟೇ. ಐಸಿಗೆ ಹೊದಿಸಿದರೆ ಹೊರಗಿನ ಸೆಕೆಯನ್ನ ಒಳಗೆ ಬಿಡೋದಿಲ್ಲ.

ಅಷ್ಟು ಹೊತ್ತಿಗೆ ನನಗೆ ಓದಿದ್ದು ನೆನಪಾಗಿ ಹೇಳಿದೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿಂದ ಟಸ್ಕನಿ ಎಂಬ ಹಡಗು ಕಲ್ಕತ್ತೆಗೆ ಐಸ್ ತಂದಿತ್ತು. ಕೆರೆಯ ಐಸನ್ನು ಗರಗಸದಲ್ಲಿ ಕೊಯ್ದು ಮಾರುತ್ತಿದ್ದ ಫ್ರೆಡರಿಕ್ ಟ್ಯೂಡರ್ ಎಂಬವನ ವ್ಯಾಪಾರ ಅದು. ಹೊರಟಾಗ ಸುಮಾರು 180 ಟನ್, ನಾಲ್ಕು ತಿಂಗಳ ಸಮುದ್ರ ದಾಟಿ ಬಂದು ಇಳಿದಾಗ 100 ಟನ್ ಉಳಿದಿತ್ತು. ನಡುವೆ ಎರಡು ಸಲ ಭೂಮಧ್ಯರೇಖೆ. ಕಾಯ್ದದ್ದು ಯಾವ ಯಂತ್ರವೂ ಅಲ್ಲ, ಮರದ ಮಿಲ್ಲಿನ ಹುಡಿ.

— ಮರದ ಹುಡಿಯಾ? ನಮ್ಮಲ್ಲಿ ಒಲೆಗೆ ತುಂಬ್ತೀವಲ್ಲ, ಅದೇ?

— ಅದೇ. ಇಲ್ಲಿಂದ ಹಿತ್ತಿಲಿಗೆ ಒಯ್ಯೋದಕ್ಕೇ ನಾವು ಇಷ್ಟು ಹೆದರ್ತೇವೆ.

— ಹಾಗಂತ ರಾತ್ರಿತನಕ ಬಿಡಬೇಡಿ ಅಕ್ಕಾ. ಮೂರ್ನಾಲ್ಕು ತಾಸಿನ ಕೆಲಸ ಇದು. ಸರಿ, ಈಗ ಬಚ್ಚಲ ಹಂಡೆಯಲ್ಲಿ ಬಿಸಿನೀರು ಇದೆಯಾ?

— ನಮ್ಮನೆ ಹಂಡೆ ತಣ್ಣಗಾದದ್ದು ನಾನು ನೋಡಿಲ್ಲ.

— ಹಾಗಾದರೆ ಎರಡು ಅಗಲದ ಪಾತ್ರೆ ತುಂಬಿ ತನ್ನಿ. ಕುದಿಯೋದು ಬೇಡ, ಕೈ ಇಡೋಕಾಗದಷ್ಟು ಬಿಸಿ ಸಾಕು. ಅಡಿಗೆ ಮಣೆ ಇಡಿ, ಬರೀ ಪ್ಲಾಸ್ಟಿಕ್ಕಿನ ಮೇಲೆ ಇಟ್ಟರೆ ಸೊಟ್ಟಗಾಗ್ತದೆ. ಮುಚ್ಚಳ ಅರ್ಧ ಮುಚ್ಚಿ. ಹಬೆ ತನ್ನ ಕೆಲಸ ಮಾಡ್ತದೆ. ನೀರು ತಣಿದ ಹಾಗೆ ಬದಲಿಸ್ತಾ ಇರಿ. ಗೋಡೆಗೆ ಬಿಸಿನೀರು ಎರಚೋದು ಮಾತ್ರ ಬೇಡ.

— ಬಿಸಿನೀರು ಇಟ್ಟೂ ಮೂರು ತಾಸಾ?

— ಐಸು ಕರಗಬೇಕಾದರೆ ಬಹಳ ಶಾಖ ಕುಡೀತದೆ. ಐಟಿಐಯಲ್ಲಿ ನಮಗೆ ಹೇಳಿಕೊಟ್ಟದ್ದು ಇದೊಂದು ಇವತ್ತಿಗೂ ಮರೆತಿಲ್ಲ. ಒಂದು ಕೆ.ಜಿ. ಐಸನ್ನ ಬರೀ ನೀರು ಮಾಡೋಕೆ ಎಷ್ಟು ಶಾಖ ಬೇಕೋ, ಅಷ್ಟರಲ್ಲಿ ಒಂದು ಲೀಟರು ಐಸ್‌ನೀರನ್ನ 80 ಡಿಗ್ರಿವರೆಗೆ ಕಾಯಿಸಬಹುದು. ಕರಗಿದ ಮೇಲೂ ಅದು ಸೊನ್ನೆ ಡಿಗ್ರಿಯಲ್ಲೇ ಇರ್ತದೆ ಮತ್ತೆ! ಇದರಲ್ಲಿ ಕಡಿಮೆ ಅಂದರೂ ಎಂಟು ಕೆ.ಜಿ. ಇದ್ದೀತು. ಹಂಡೆಯನ್ನೇ ಖಾಲಿ ಮಾಡ್ತದೆ. ಅದಕ್ಕೇ ಜನಕ್ಕೆ ತಾಳ್ಮೆ ಇರೋದಿಲ್ಲ, ಚಾಕು ತಗೊಳ್ತಾರೆ.

ನಾನು ಸುಮ್ಮನಾದೆ. ಮಾವ ಸುಮ್ಮನಾಗಲಿಲ್ಲ.

— ಹೇಳಿಬಿಡು, ಇವನ ಹತ್ರ ಎಂತಾ ನಾಚಿಕೆ. ಹಿತ್ತಿಲಲ್ಲಿ ಬಿದ್ದಿರೋದು ಸತ್ತದ್ದು ಹೇಗೆ ಅಂತ.

— ಹೌದಪ್ಪ, ನಾನೇ ಕೊಂದದ್ದು. ಐಸ್‌ಟ್ರೇ ಅಂಟಿಕೊಂಡಿತ್ತು. ತೆಂಗಿನಕಾಯಿ ಕೀಳೋ ಚಾಕುವಿನಲ್ಲಿ ಎಬ್ಬಿಸಿದೆ. ಫುಸ್ ಅಂತ ಒಂದು ಸದ್ದು ಬಂತು. ಟ್ರೇ ಬಿಟ್ಟುಕೊಂಡ ಸದ್ದೇ ಅಂತ ಖುಷಿಪಟ್ಟೆ. ಮರುದಿನದಿಂದ ಹಾಲು ಒಡೆಯೋಕೆ ಶುರು.

— ಫ್ರಿಜ್ಜಿನ ಆ ಮೇಲಿನ ಖಾನೆ ಇದೆಯಲ್ಲ, ಅದು ಎರಡು ಅಲ್ಯೂಮಿನಿಯಂ ತಗಡು ಒಂದಕ್ಕೊಂದು ಬೆಸೆದು ನಡುವೆ ನಾಳ ಉಬ್ಬಿಸಿ ಮಾಡಿದ್ದು. ಗೋಡೆಯೇ ಕೊಳವೆ. ಚಾಕು ಹೋದದ್ದು ಸೀದಾ ನರಕ್ಕೆ. ಈ ಪೆಟ್ಟಿಗೆಯದು ಗೋಡೆಯ ಹಿಂದೆ ಇದೆ, ಆದರೂ ಸ್ಕ್ರೂಡ್ರೈವರಿಗೆ ಅದೇನು ದೊಡ್ಡ ದೂರ ಅಲ್ಲ. ಕೆರೆಯಲೇಬೇಕು ಅಂದರೆ ಮರದ ಸಟ್ಟುಗ. ಅಥವಾ... ಆ ಹಾಳೆ ತುಂಡು ಕೊಡಿ.

— ಅಡಿಕೆ ಹಾಳೆಯಾ?

— ಗಟ್ಟಿಯೂ ಹೌದು, ಬಾಗುವುದೂ ಹೌದು. ಸಡಿಲಾದ ಐಸನ್ನ ಮಾತ್ರ ಹೀಗೆ ಮೆಲ್ಲಗೆ ಎಬ್ಬಿಸಿ. ತಾನಾಗಿ ಬರದಿದ್ದರೆ ಬಿಡಿ, ಇನ್ನೊಂದು ಪಾತ್ರೆ ಬಿಸಿನೀರು ತನ್ನಿ. ಪೇಟೆಯಲ್ಲಿ ಕೆಲವರು ಕೂದಲು ಒಣಗಿಸೋ ಮಿಷನ್ನು ಹಿಡೀತಾರೆ. ನಾನು ಹಿಡಿಯೋದಿಲ್ಲ, ಹಿಡಿಯೋಕೂ ಬಿಡೋದಿಲ್ಲ.

— ನೀರು, ಕರೆಂಟು, ಅದಕ್ಕಾ?

— ಅದೊಂದು. ಇನ್ನೊಂದು, ಒಳಗಿರೋ ಗ್ಯಾಸು. ಟಾರ್ಚು ಕೊಡಿ. ಹಿಂದೆ ಚೀಟಿ ಇದೆ ನೋಡಿ: ಆರ್-600ಎ, 62 ಗ್ರಾಂ. ಏನದು ಗೊತ್ತಾ? ಐಸೋಬ್ಯುಟೇನ್. ನಿಮ್ಮ ಒಲೆಗೆ ಬರೋ ಸಿಲಿಂಡರಿನಲ್ಲಿ ಪ್ರೊಪೇನು ಬ್ಯುಟೇನು ಇರ್ತದಲ್ಲ, ಅದರ ದಾಯಾದಿ.

— ಅಂದರೆ ಅಡುಗೆಮನೆಯಲ್ಲಿ ಎರಡು ಸಿಲಿಂಡರು ಇಟ್ಕೊಂಡಿದ್ದೇನೆ ಅಂತಲಾ!

— ಹೆದರಬೇಡಿ. ಅಲ್ಲಿ 14.2 ಕಿಲೋ, ಇಲ್ಲಿ 62 ಗ್ರಾಂ. ಮನೆಬಳಕೆಯದಕ್ಕೆ 150 ಗ್ರಾಂ ದಾಟಬಾರದು ಅಂತ ಲೆಕ್ಕ ಇಟ್ಟೇ ಮಾಡಿದ್ದಾರೆ. ಕೊಳವೆಯೊಳಗೆ ಇರೋತನಕ ಅದು ಸಾಧು. ಆದರೆ ಒಂದು ವ್ಯತ್ಯಾಸ ಇದೆ. ಸಿಲಿಂಡರು ಸೋರಿದರೆ ಮೂಗಿಗೆ ಬಡೀತದೆ, ಆ ನಾತವನ್ನ ಬೇಕು ಅಂತಲೇ ಬೆರೆಸಿರ್ತಾರೆ. ಇದಕ್ಕೆ ಬೆರೆಸೋದಿಲ್ಲ. ಸೋರಿದರೂ ವಾಸನೆ ಇಲ್ಲ, ಗಾಳಿಗಿಂತ ಭಾರ, ನೆಲಕ್ಕೆ ಕೂತುಬಿಡ್ತದೆ. ಐಸ್ ತೆಗೆಯೋವಾಗ ಫುಸ್ ಅಂತ ಕೇಳಿದರೆ ಸ್ವಿಚ್ಚಿಗೂ ಕೈ ಹಾಕಬೇಡಿ, ಬೆಂಕಿಕಡ್ಡಿಗೂ ಹಾಕಬೇಡಿ. ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ.

— ಹಳೇದರಲ್ಲಿ ಹಾಗೇನಿರಲಿಲ್ಲವಲ್ಲ? ಫುಸ್ ಅಂದಾಗ ಪಕ್ಕದ ಒಲೆಯಲ್ಲಿ ಹಾಲು ಕಾಯ್ತಾ ಇತ್ತು.

— ಅದು ಬೇರೆ ಗ್ಯಾಸು. ಅದಕ್ಕೆ ಬೆಂಕಿ ಹತ್ತೋದಿಲ್ಲ. ನಿಮ್ಮ ಪುಣ್ಯ.

ಪುಣ್ಯದ ಲೆಕ್ಕ ಅಷ್ಟು ಸಲೀಸಲ್ಲ ಎಂದು ಅವನಿಗೆ ಹೇಳಿದೆ. ಬಿಸಿನೀರು ಬದಲಿಸುತ್ತ ಹೇಳುವುದಕ್ಕೆ ಒಳ್ಳೆಯ ಕಥೆ ಅದು.

— ಮೊದಮೊದಲು ಫ್ರಿಜ್ಜಿನಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ತುಂಬ್ತಿದ್ದರು. ಸೋರಿದರೆ ಮಲಗಿದಲ್ಲೇ ಜನ ಸಾಯ್ತಿದ್ದರು. ಬರ್ಲಿನ್ನಿನ ಒಂದು ಕುಟುಂಬ ಹಾಗೆ ಸತ್ತ ಸುದ್ದಿ ಓದಿ ಐನ್‌ಸ್ಟೈನ್ ತನ್ನ ಶಿಷ್ಯಮಿತ್ರ ಸಿಲಾರ್ಡ್ ಜೊತೆ ಕೂತು, ತಿರುಗುವ ಭಾಗವೇ ಇಲ್ಲದ, ಸೋರದ ಫ್ರಿಜ್ಜು ಮಾಡೋಕೆ ಹೊರಟಿದ್ದ.

— ಯಾವ ಐನ್‌ಸ್ಟೈನು? ಆ ಕೂದಲು ಕೆದರಿದವನಾ?

— ಅವನೇ. 1930ರಲ್ಲಿ ಪೇಟೆಂಟೂ ಸಿಕ್ಕಿತು. ಅಂಗಡಿಗೆ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿ ಥಾಮಸ್ ಮಿಜ್ಲಿ ಎಂಬವನ ತಂಡ ವಿಷವೂ ಇಲ್ಲದ, ಉರಿಯೂ ಇಲ್ಲದ ಗ್ಯಾಸು ಕಂಡುಹಿಡಿದಿತ್ತು. ಫ್ರಿಯಾನ್, ನಿಮ್ಮ ಭಾಷೆಯ ಆರ್-12. ನಲವತ್ತು ವರ್ಷ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. 1974ರಲ್ಲಿ ಮೊಲಿನಾ, ರೋಲೆಂಡ್ ಅಂತ ಇಬ್ಬರು ಲೆಕ್ಕ ಹಾಕಿ, ಇದು ಮೇಲೆ ಹೋಗಿ ಓಜೋನ್ ತಿನ್ನುತ್ತದೆ ಅಂದರು. ಕಂಪನಿಗಳು ಒಪ್ಪಲಿಲ್ಲ. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ತೂತು ಕಂಡಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಇಂಥ ಗ್ಯಾಸು ಕಡಿಮೆ ಮಾಡೋ ಒಪ್ಪಂದ. ನಮ್ಮ ದೇಶ 1992ರಲ್ಲಿ ಸೇರಿತು.

— ನಮ್ಮ ಹಳೇ ಫ್ರಿಜ್ಜು ತಂದದ್ದು 94ರಲ್ಲಿ. ಮೊಮ್ಮಗಳು ಹುಟ್ಟಿದ ವರ್ಷ, ಬಾಳಂತಿಗೆ ಹಾಲು ಕೆಡಬಾರದು ಅಂತ ತಂದದ್ದು.

— ಹಾಗಾದರೆ ಅದರಲ್ಲಿದ್ದದ್ದು ಆರ್-12ಏ ಮಾವಾ. ನನ್ನ ಚಾಕು ತೂತು ಮಾಡಿದ್ದು ನಮ್ಮ ಫ್ರಿಜ್ಜನ್ನು ಮಾತ್ರ ಅಲ್ಲ. ಅದು ನೂರು ಗ್ರಾಂ ಹೊರಬಿದ್ದರೆ, ಸೆಕೆ ಹೆಚ್ಚಿಸೋ ಲೆಕ್ಕದಲ್ಲಿ ಒಂದು ಟನ್ ಇಂಗಾಲದ ಡೈಆಕ್ಸೈಡಿಗಿಂತ ಹೆಚ್ಚು. ಆಮೇಲೆ ಬಂದದ್ದು 134ಎ, ಅದು ಓಜೋನಿಗೆ ಏನೂ ಮಾಡೋದಿಲ್ಲ, ಸೆಕೆ ಹೆಚ್ಚಿಸೋದು ಮಾತ್ರ ಬಿಡಲಿಲ್ಲ. ಈಗ ಸುತ್ತು ಹಾಕಿ ಒಲೆಯ ಗ್ಯಾಸಿಗೇ ಬಂದು ನಿಂತಿದ್ದೇವೆ. ಬೆಂಕಿಗೆ ಹೆದರಿ ಬಿಟ್ಟದ್ದನ್ನ, ಬಿಸಿಲಿಗೆ ಹೆದರಿ ಮತ್ತೆ ಒಳಗೆ ಕರೆದದ್ದು.

— ನೀವು ಇಷ್ಟೆಲ್ಲಾ ಓದಿಕೊಂಡೂ ಚಾಕು ಹಾಕಿದ್ದಾ ಅಕ್ಕಾ?

— ಓದಿದ್ದು ಆಮೇಲೆ.

ಹನ್ನೆರಡೂವರೆಗೆ ಕೊನೆಯ ಹಲಗೆ ಐಸು ಕಳಚಿ ಬಿತ್ತು. ಅಡಿಯಲ್ಲಿ ಕೊಳವೆಗೆ ಬಿರಡೆ ಇತ್ತು. ತೆಗೆದರೆ ನೀರು ಹೋಗುತ್ತದಂತೆ. ಒಂಬತ್ತು ವರ್ಷದಿಂದ ಚಂಬಿನಲ್ಲಿ ಬಳಿದು ಬಳಿದು ಸೊಂಟ ಹಿಡಿಸಿಕೊಂಡವಳಿಗೆ ಇದು ಹೊಸ ಸುದ್ದಿ. ಆ ನೀರನ್ನು ಮಾವ ಮಲ್ಲಿಗೆ ಬುಡಕ್ಕೆ ಒಯ್ದು, ತಣ್ಣಗಿದೆ, ಸ್ವಲ್ಪ ಹೊತ್ತು ಬಿಟ್ಟು ಹೊಯ್ಯುತ್ತೇನೆ ಎಂದರು. ತೊಳೆಯುವುದು ಹೆಚ್ಚಿನ ಕೆಲಸವಲ್ಲ. ಒಂದು ಲೀಟರು ಉಗುರುಬೆಚ್ಚನೆ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಮೆತ್ತನೆಯ ಅರಿವೆಯಲ್ಲಿ ಒರೆಸಿದರೆ ವಾಸನೆ ಜಿಡ್ಡು ಎರಡೂ ಹೋಗುತ್ತವೆ. ತೆಂಗಿನ ನಾರು, ಉಕ್ಕಿನ ಗುಂಜು ಬೇಡ, ಗೀರು ಬಿದ್ದಲ್ಲೆಲ್ಲ ಆಮೇಲೆ ಕೊಳೆ ಮನೆ ಮಾಡುತ್ತದೆ. ಹೊರಮೈಗೆ ನಾನು ಅಂಟುವಾಳದ ನೀರೇ ಹಾಕಿದೆ. ಅಭ್ಯಾಸ.

— ಗ್ಯಾಸ್ಕೆಟ್ಟಿನ ಮಡಿಕೆಯಲ್ಲಿ ಕಪ್ಪಗೆ ಬೂಷ್ಟು. ಬಚ್ಚಲಿಗೆ ಹಾಕೋ ಬ್ಲೀಚಿಂಗು ಹಾಕಿಬಿಡಲಾ? ಜೊತೆಗೆ ಸ್ವಲ್ಪ ವಿನೆಗರು?

— ಎರಡೂ ಒಟ್ಟಿಗೆ ಮಾತ್ರ ಯಾವತ್ತೂ ಬೇಡ, ಕ್ಲೋರಿನ್ ಎದ್ದು ಎದೆ ಹಿಡೀತದೆ. ಆ ಪೆಟ್ಟಿಗೆಯೊಳಗೆ ತಲೆ ಹಾಕಿ ಕೂತಿರ್ತೀರಿ ಬೇರೆ. ಹಳೇ ಹಲ್ಲುಜ್ಜೋ ಬ್ರಶ್ಶು, ಅದೇ ಸೋಡಾ ನೀರು, ಸಾಕು. ಆಮೇಲೆ ಒಣಬಟ್ಟೆ. ಎದ್ದ ಮೂಲೆಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದರೆ ರಬ್ಬರು ಮೆತ್ತಗಾಗಿ ಕೂತೀತು. ಈಗ ಒಂದು ಕಾಗದ ಸಿಕ್ಕಿಸಿ ಮುಚ್ಚಳ ಹಾಕಿ ಎಳೀರಿ. ಬಿಗಿ ಬಂತಾ?

— ಇಲ್ಲಿ ಬಂತು. ಇಲ್ಲೂ ಬಂತು. ಈ ಮೂಲೆಯಲ್ಲಿ ಸಲೀಸಾಗಿ ಬರ್ತದೆ.

— ಹಾಗಾದರೆ ಹೊಸದೇ ಹಾಕಬೇಕು. ಮುಂದಿನ ವಾರ ತರ್ತೇನೆ. ಹಿಂದಿನ ಕಾಯಿಲಿನ ಮೇಲೆ ಇಷ್ಟು ಧೂಳು ಕೂತರೆ ಅದು ಬಿಸಿ ಎಲ್ಲಿಗೆ ಬಿಡಬೇಕು? ಗೋಡೆಯಿಂದ ಒಂದು ಗೇಣು ಈಚೆ ಎಳೆಯುವ, ಹಿಡೀರಿ. ಹಾಂ, ಎತ್ತಿ ಮಲಗಿಸೋದು ಬೇಡ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹೋಗ್ತದೆ, ಮತ್ತೆ ಗಂಟೆಗಟ್ಟಲೆ ನಿಲ್ಲಿಸಿಟ್ಟೇ ಚಾಲು ಮಾಡಬೇಕು.

ಒಣಗಲು ಮುಚ್ಚಳ ತೆರೆದಿಟ್ಟು ಊಟಕ್ಕೆ ಕೂತೆವು. ಹೊರಗಿಟ್ಟ ಪೊಟ್ಟಣಗಳಲ್ಲಿ ಒಂದು ಮೆತ್ತಗಾಗಿತ್ತು. ಮುಟ್ಟಿದರೆ ಒಳಗೆ ಐಸಿನ ಕಣ ಸಿಗುವುದನ್ನೆಲ್ಲ ಮತ್ತೆ ಇಡಬಹುದು, ಇದನ್ನು ಮಾತ್ರ ಇವತ್ತೇ ಖಾಲಿ ಮಾಡಬೇಕು ಎಂದ. ಥಂಡಿಯಲ್ಲಿ ಕ್ರಿಮಿಗಳು ಸಾಯುವುದಿಲ್ಲ, ಮಲಗುತ್ತವೆ ಅಷ್ಟೇ, ಎದ್ದ ಮೇಲೆ ಮತ್ತೆ ಮಲಗಿಸಿದರೆ ಎಷ್ಟು ಮರಿ ಹಾಕಿ ಮಲಗಿದವೋ ಯಾರಿಗೆ ಗೊತ್ತು. ಹಲಸಿನ ಸೊಳೆಯನ್ನು ರುಬ್ಬಿ ಕೊಟ್ಟೆ ಕಡುಬಿಗೆ ಹಾಕಿದೆ. ಊಟದ ನಡುವೆ ಮಾವ 2021ನ್ನು ಎತ್ತಿದರು. ಆ ಸುದ್ದಿ ಬರದೆ ನಮ್ಮ ಕಡೆ ಯಾವ ಮಾತೂ ಮುಗಿಯುವುದಿಲ್ಲ.

— ಕಳಚೆಯಲ್ಲಿ ಗುಡ್ಡ ಜಾರಿದ ವರ್ಷ. ಜುಲೈ. ತೋಟ, ಮನೆ, ರಸ್ತೆ ಎಲ್ಲಾ ತಗೊಂಡು ಹೋಯ್ತು. ನಮ್ಮದೇ ಪಂಚಾಯಿತಿಯ ಊರು ಅದು. ಅರಬೈಲು ಘಾಟಿಯೂ ಕುಸಿದು ಹೆದ್ದಾರಿ ಬಂದ್. ನಮಗೆ ಹೆಚ್ಚಿನದೇನೂ ಆಗಲಿಲ್ಲ, ಕರೆಂಟು ಮಾತ್ರ ಆರು ದಿನ ಇರಲಿಲ್ಲ. ಅಂಥ ಹೊತ್ತಲ್ಲಿ ಫ್ರೀಜರು ಅಂತ ಬಾಯಿ ಬಿಡೋಕೂ ನಾಚಿಕೆ.

— ನಾಚಿಕೆ ಇದ್ದರೂ ವಾಸನೆ ಬಂತಲ್ಲ ಮಾವಾ.

— ಬಂತು. ನಲವತ್ತು ಪೊಟ್ಟಣ ಗೊಬ್ಬರದ ಗುಂಡಿಗೆ. ಉಪ್ಪುನೀರಲ್ಲಿ ಹಾಕಿದ ಸೊಳೆಗೆ ಏನೂ ಆಗಲಿಲ್ಲ. ಅಪ್ಪೆಮಿಡಿಗೂ ಆಗಲಿಲ್ಲ. ಹಪ್ಪಳ ಅಟ್ಟದ ಮೇಲೆ ಹೊಗೆ ಕುಡ್ಕೊಂಡು ಕೂತಿತ್ತು. ಭರಣಿಗೆ ಕರೆಂಟು ಹೋದದ್ದೇ ಗೊತ್ತಿಲ್ಲೆ.

— ಭರಣಿಯ ಸೊಳೆಯಲ್ಲಿ ಮೊಮ್ಮಗಳಿಗೆ ಐಸ್‌ಕ್ರೀಮ್ ಮಾಡೋಕಾಗ್ತದಾ ಅಜ್ಜಾ? ಎಲ್ಲಕ್ಕೂ ಅದರದರದ್ದು ಅಂತ ಇರ್ತದೆ. ಕರೆಂಟು ಹೋದಾಗ ಮುಚ್ಚಳ ತೆಗೆಯದಿದ್ದರೆ ತುಂಬಿದ ಫ್ರೀಜರು ಎರಡು ದಿನ ತಡೀತದೆ, ಅರ್ಧ ತುಂಬಿದ್ದು ಒಂದೇ ದಿನ. ಹಾಗಾಗಿ ಖಾಲಿ ಜಾಗ ಇದ್ದರೆ ಬಾಟ್ಲಿಗಳಲ್ಲಿ ನೀರು ತುಂಬಿ ಇಡಿ, ಕುತ್ತಿಗೆತನಕ ತುಂಬದೆ. ಬಂದ ಕೂಡಲೇ ಹಾಕಬೇಡಿ, ವೋಲ್ಟೇಜು ನೆಟ್ಟಗಾಗಲಿ. ಮತ್ತೆ ಮತ್ತೆ ಹೋಗಿ ಬಂದು ಮಾಡ್ತಿದ್ದರೆ ಐದು ನಿಮಿಷ ತಡೆದು ಹಾಕಿ, ಇಲ್ಲಾಂದರೆ ಕಂಪ್ರೆಸರು ಒತ್ತಡದ ಎದುರು ಎದ್ದೇಳೋಕೆ ಹೋಗಿ ಸುಟ್ಕೊಳ್ತದೆ.

— ಆರು ದಿನ ಅಂದರೆ ಎಲ್ಲಾ ಹೋಯ್ತು ಅಂತ ಗೊತ್ತಾಗ್ತದೆ. ನಾವು ಊರಲ್ಲಿ ಇಲ್ಲದಾಗ ಕರೆಂಟು ಹೋಗಿ, ಕರಗಿ, ಮತ್ತೆ ಬಂದು ಗಟ್ಟಿಯಾಗಿಬಿಟ್ಟರೆ? ನೋಡೋಕೆ ಹಾಗೇ ಇರ್ತದಲ್ಲ.

— ಅದಕ್ಕೊಂದು ಉಪಾಯ ಇದೆ. ಕೊನೆಗೆ ಹೇಳ್ತೇನೆ. ಮೊದಲು ಹಿತ್ತಿಲಿನದು ನೋಡುವ.

ಹಳೇ ಫ್ರಿಜ್ಜು ಬಾಗಿಲು ಹಾಕಿಕೊಂಡು ನಿಂತಿತ್ತು. ಮೇಲೆ ಒಂದು ಬುಟ್ಟಿ ಸುಲಿದ ಕಾಯಿಸಿಪ್ಪೆ, ಪಕ್ಕದಲ್ಲಿ ಬೆಕ್ಕು. ಅವನು ಬೇರೆಲ್ಲಕ್ಕಿಂತ ಮೊದಲು ಬಾಗಿಲ ತಿರುಗಣೆಯ ಸ್ಕ್ರೂ ಬಿಚ್ಚಲು ಕೂತ.

— ನಾಲ್ಕು ವರ್ಷ ಬಾಗಿಲು ಹಾಗೇ ಬಿಟ್ಟಿದ್ದೀರಲ್ಲ ಅಕ್ಕಾ. ರಜೆಗೆ ಬರೋ ಮಕ್ಕಳು ಕಣ್ಣಾಮುಚ್ಚಾಲೆ ಆಡೋದಿಲ್ಲವಾ?

— ಇದಕ್ಕೆ ಬರೀ ಅಯಸ್ಕಾಂತದ ರಬ್ಬರು. ತಳ್ಳಿದರೆ ತೆರೀತದೆ.

— ಸಣ್ಣ ಮಗುವಿಗೆ ತಳ್ಳೋಕೆ ಬರಬೇಕಲ್ಲ. ಗಾಬರಿಯಲ್ಲಿ ಯಾವ ಬದಿ ಬಾಗಿಲು ಅಂತಲೂ ಗೊತ್ತಾಗೋದಿಲ್ಲ. ಪೆಟ್ಟಿಗೆ ಫ್ರೀಜರಿನದಂತೂ ಮುಚ್ಚಳವೇ ಭಾರ. ಗಾಳಿ ಹೋಗೋ ಸಂದಿಲ್ಲದ ಹಾಗೆ ಮಾಡಿರ್ತಾರೆ, ಕೂಗಿದರೂ ಹೊರಗೆ ಕೇಳೋದಿಲ್ಲ.

ಅಮೆರಿಕದಲ್ಲಿ ಚಿಲಕದ ಬಾಗಿಲಿನ ಹಳೇ ಫ್ರಿಜ್ಜುಗಳೊಳಗೆ ಅಡಗಿ ಮಕ್ಕಳು ಸತ್ತು ಸತ್ತು 1956ರಲ್ಲಿ ಕಾನೂನು ಬಂತು. 1958ರ ಅಕ್ಟೋಬರ್ ನಂತರ ಮಾಡಿದ ಪ್ರತಿ ಫ್ರಿಜ್ಜೂ ಒಳಗಿನಿಂದ ತೆರೆಯುವಂತಿರಬೇಕು ಎಂದಾಯಿತು. ಅಯಸ್ಕಾಂತದ ಬಾಗಿಲು ಎಲ್ಲೆಡೆ ಹಬ್ಬಿದ್ದು ಆಮೇಲೆ. ಗೋದ್ರೆಜ್ ನಮ್ಮ ದೇಶದ ಮೊದಲ ಫ್ರಿಜ್ಜು ಮಾಡಿದ್ದೂ ಅದೇ 1958ರಲ್ಲಿ. ಇಷ್ಟು ತಿಳಿದಿದ್ದೂ ನಾನು ಆ ಬಾಗಿಲನ್ನು ನಾಲ್ಕು ಬೇಸಿಗೆ ರಜೆ ಹಾಗೇ ಬಿಟ್ಟಿದ್ದೆ. ಸ್ಕ್ರೂ ಬಿಚ್ಚಲು ಅವನಿಗೆ ಹಿಡಿದದ್ದು ಹತ್ತು ನಿಮಿಷ.

— ಗುಜರಿಯವ ಎರಡು ಸಲ ಬಂದು ಕೇಳಿದ. ಎಂಟುನೂರು ಕೊಡ್ತೇನೆ ಅಂದ. ಕೊಟ್ಟು ಕೈ ತೊಳ್ಕೊಂಡರೆ?

— ಅವನು ಏನು ಮಾಡ್ತಾನೆ ಗೊತ್ತಲ್ಲ. ರಸ್ತೆ ಬದಿಯಲ್ಲೇ ಮಲಗಿಸಿ, ಕೊಳವೆ ಕತ್ತರಿಸಿ, ಕಂಪ್ರೆಸರು ಕಿತ್ತು, ತಾಮ್ರ ತಗೊಳ್ತಾನೆ. ಕಂಪ್ರೆಸರಿನ ಎಣ್ಣೆ ಅಲ್ಲೇ ಚೆಲ್ತಾನೆ. ಉಳಿದ ಡಬ್ಬಿಗೆ ಬೆಂಕಿ. ತಗಡು ಬಿಡಿಸ್ಕೊಳ್ಳೋಕೆ ಅದೇ ಸುಲಭ.

— ಗ್ಯಾಸು ನಾನೇ ಬಿಟ್ಟಾಯ್ತಲ್ಲ. ಇನ್ನೇನಿದೆ ಅದರಲ್ಲಿ?

— ಇದೆ. ಗೋಡೆಯೊಳಗೆ ಹಳದಿ ನೊರೆ ಇದೆಯಲ್ಲ, ಅದನ್ನ ಉಬ್ಬಿಸಿದ್ದೂ ಇಂಥದ್ದೇ ಗ್ಯಾಸಿನಿಂದ. ಇದರ ಕಾಲದ್ದಾದರೆ ಆರ್-11. ಕೊಳವೆಯಲ್ಲಿದ್ದದ್ದಕ್ಕಿಂತ ಹೆಚ್ಚು ಅಲ್ಲೇ ಇರ್ತದೆ, ಸಣ್ಣ ಸಣ್ಣ ಗುಳ್ಳೆಯೊಳಗೆ. ಒಡೆದು ಹುಡಿ ಮಾಡಿದರೆ ಅದು ಆಕಾಶಕ್ಕೆ. ಸುಟ್ಟರೆ ಇನ್ನೂ ಕಷ್ಟ, ಆ ನೊರೆ ಉರಿದರೆ ಹೈಡ್ರೋಜನ್ ಸಯನೈಡ್ ಬರ್ತದೆ. ಗುಜರಿಯವನೇ ಅದನ್ನ ಮೊದಲು ಕುಡಿಯೋದು.

ಮಾವ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದರು:

— ನಮ್ಮ ಕಾಲದಲ್ಲಿ ಮನೆಗೆ ಬಂದದ್ದಕ್ಕೆಲ್ಲ ಹೋಗೋಕೊಂದು ದಾರಿ ಇತ್ತು. ಹಂಡೆ ತೂತಾದರೆ ಕಂಚುಗಾರ ತೂಕಕ್ಕೆ ತಗೊಳ್ತಿದ್ದ. ಕಂಬಳಿ ಹರಿದರೆ ಕರುವಿನ ಅಡಿಗೆ, ಅಲ್ಲಿಂದ ಗೊಬ್ಬರಗುಂಡಿಗೆ. ಹಾಳೆ, ಸೋಗೆ ತೋಟಕ್ಕೆ. ಮಡಕೆ ಒಡೆದರೆ ದಾರಿಗೆ. ಇದೊಂದು ಬಂತು ನೋಡು, ತೋಟವೂ ಬೇಡ ಅಂತದೆ, ಗುಂಡಿಯೂ ಬೇಡ ಅಂತದೆ.

— ಇದಕ್ಕೂ ದಾರಿ ಮಾಡಿದ್ದಾರೆ ಅಜ್ಜಾ, ಸ್ವಲ್ಪ ದೂರದ ದಾರಿ. ಇ-ತ್ಯಾಜ್ಯ ನಿಯಮ ಅಂತ ಮೊದಲು 2011ರಲ್ಲಿ ಬಂತು, ಈಗಿರೋದು 2022ರದ್ದು, 2023ರ ಏಪ್ರಿಲ್‌ನಿಂದ ಜಾರಿ. ಫ್ರಿಜ್ಜು, ಫ್ರೀಜರು ಎರಡೂ ಅದರ ಪಟ್ಟಿಯಲ್ಲಿವೆ. ಮಾಡಿ ಮಾರಿದ ಕಂಪನಿಯೇ ಅದರ ಮುದಿತನಕ್ಕೂ ಹೊಣೆ. ನೋಂದಾಯಿಸಿಕೊಂಡ ಮರುಬಳಕೆಯವರಿಗೇ ಹೋಗಬೇಕು. ಅಲ್ಲಿ ಗ್ಯಾಸು ಬೇರೆ ಹೀರಿ, ಎಣ್ಣೆ ಬೇರೆ ತೆಗೆದು, ನೊರೆಯನ್ನ ಮುಚ್ಚಿದ ಮಿಷನ್ನಿನಲ್ಲಿ ಪುಡಿ ಮಾಡ್ಬೇಕು.

— ವಜ್ರಳ್ಳಿಯಿಂದ ಅಲ್ಲಿಗೆ ಇದನ್ನ ಹೊತ್ತುಕೊಂಡು ಹೋಗೋರು ಯಾರು? ಪಂಚಾಯಿತಿಯ ಒಣಕಸದ ಗಾಡಿಗೆ ಹಾಕೋಕೆ ಇದು ಹಾಲಿನ ಕೊಟ್ಟೆ ಅಲ್ಲ. ಮರುಬಳಕೆಯ ಘಟಕಗಳು ಹೆಚ್ಚಿನವು ಬೆಂಗಳೂರಿನ ಸುತ್ತ. ಕಾನೂನು ಬರೆದವರ ಮನಸ್ಸಿನಲ್ಲಿ ಲಿಫ್ಟಿರೋ ಮನೆ ಇತ್ತು ಅಂತ ನನಗೆ ಅನುಮಾನ.

— ಅದು ಹೌದು. ನಾನು ಎಲ್ಲರಿಗೂ ಹೇಳೋದು, ಕೆಟ್ಟದ್ದನ್ನ ಇಟ್ಕೊಂಡು ಕೂರಬೇಡಿ, ಹೊಸದು ತಗೊಳ್ಳುವಾಗಲೇ ಹಳೇದನ್ನ ವಿನಿಮಯಕ್ಕೆ ಕೊಟ್ಟುಬಿಡಿ ಅಂತ. ಕೊಡುವಾಗ ಇದು ಎಲ್ಲಿಗೆ ಹೋಗ್ತದೆ ಅಂತ ಕೇಳಿ, ಚೀಟಿ ಕೇಳಿ. ಕೇಳೋರು ಇಬ್ಬರಾದರೆ ಅಂಗಡಿಯವರೂ ಕಂಪನಿಗೆ ಕೇಳ್ತಾರೆ. ಈಗ ಇದಕ್ಕೆ, ಕಂಪನಿಯ ಶುಲ್ಕವಿಲ್ಲದ ನಂಬರಿಗೆ ಫೋನು ಮಾಡುವ. ಹುಬ್ಬಳ್ಳಿಗೆ ಖಾಲಿ ಹೋಗೋ ಗಾಡಿ ಯಾವಾಗಲೂ ಇರ್ತದೆ. ಊರಲ್ಲಿ ಇಂಥವು ಇನ್ನೆಷ್ಟಿವೆ?

— ಮೇಲಿನ ಮನೆಯಲ್ಲಿ ಒಂದು ಅಕ್ಕಿ ಇಡೋಕೆ. ಕೆಳಗಿನ ಕೇರಿಯಲ್ಲಿ ಎರಡು. ಬೀಗಾರಿನ ಕಡೆ ಒಂದರೊಳಗೆ ಕೋಳಿ ಕಾವಿಗೆ ಕೂತಿದೆಯಂತೆ.

— ಕೋಳಿಯದು ಬಿಡಿ, ಅದು ಉಪಯೋಗದಲ್ಲಿದೆ. ಒಡೆಯದೆ ಇಟ್ಟರೆ ನೊರೆ ತನ್ನ ಪಾಡಿಗಿರ್ತದೆ. ಉಳಿದ ನಾಲ್ಕು ಸೇರಿದರೆ ಒಂದು ಪಿಕಪ್ಪು. ಬಾಡಿಗೆ ಹಂಚ್ಕೊಂಡರೆ ಗುಜರಿಯವನ ಎಂಟುನೂರು ಹೋಗ್ತದೆ ಅಷ್ಟೇ. ಮಲಗಿಸದೆ ನಿಲ್ಲಿಸಿಯೇ ಕಟ್ಟಿ, ಹಿಂದಿನ ಕೊಳವೆಗೆ ಹಗ್ಗ ಬಿಗಿಯಬೇಡಿ.

— ಎಂಟುನೂರೂ ಹೋಯ್ತು, ಬಾಡಿಗೆಯೂ ಹೋಯ್ತು ಅಂತ ಹೇಳು.

— ಹೌದು ಅಜ್ಜಾ.

ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಎದ್ದು ಮೇಲಿನ ಮನೆಯತ್ತ ಹೊರಟರು. ಅಕ್ಕಿ ಖಾಲಿ ಮಾಡಿಸಲಿಕ್ಕೆ ಎಂದು ಆಮೇಲೆ ತಿಳಿಯಿತು.

ಸಂಜೆ ನಾಲ್ಕಕ್ಕೆ ಒಳಗೆ ಬಂದು ಕೈ ಒರೆಸಿಕೊಂಡು ಪ್ಲಗ್ಗು ಹಾಕಿದೆವು. ಫ್ರೀಜರು ಒಮ್ಮೆ ಮೈ ಕೊಡವಿ ಸಣ್ಣಗೆ ಗುನುಗಿತು. ಅಷ್ಟು ಸಣ್ಣ ದನಿ ಅದಕ್ಕಿತ್ತು ಎಂದು ನನಗೆ ಮರೆತೇ ಹೋಗಿತ್ತು.

— ಎರಡು ತಾಸು ಖಾಲಿ ಓಡಲಿ. ಅಷ್ಟರತನಕ ಪೊಟ್ಟಣ ಕಂಬಳಿಯಲ್ಲೇ ಇರಲಿ. ಸೊನ್ನೆಯ ಕೆಳಗೆ 18ಕ್ಕೆ ಇಡಿ, ಅದಕ್ಕಿಂತ ಕೆಳಗೆ ಬೇಡ. ಈಗ ಒಂದು ಸಣ್ಣ ಲೋಟ ನೀರು ಕೊಡಿ.

— ಕುಡಿಯೋಕಾ?

— ಆ ಉಪಾಯ ಹೇಳ್ತೇನೆ ಅಂದಿದ್ದೆನಲ್ಲ. ಇದನ್ನ ಮೂಲೆಯಲ್ಲಿ ಇಡಿ. ನಾಳೆ ಬೆಳಿಗ್ಗೆ ಗಟ್ಟಿ ಐಸಾಗಿರ್ತದೆ. ಮೇಲೆ ಒಂದು ನಾಣ್ಯ ಇಡಿ. ನೀವು ಊರಿಂದ ಬಂದಾಗ ನಾಣ್ಯ ಮೇಲೇ ಇದ್ದರೆ ಚಿಂತೆಯಿಲ್ಲ. ಅಡಿಗೆ ಹೋಗಿ ಕೂತಿದ್ದರೆ ನೀವು ಇಲ್ಲದಾಗ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಲೆಕ್ಕ, ಒಂದನ್ನೂ ತಿನ್ನಬೇಡಿ.

— ಎಷ್ಟರ ನಾಣ್ಯ?

— ಯಾವುದಾದರೂ ಅಡ್ಡಿಲ್ಲೆ. ಹತ್ತು ರೂಪಾಯಿದು ಇದ್ದರೆ ಅದನ್ನೇ ಹಾಕಿ ಅಕ್ಕಾ. ಅಂಗಡಿಯಲ್ಲಿ ಹೇಗೂ ಅದನ್ನ ಯಾರೂ ತಗೊಳ್ಳೋದಿಲ್ಲ.